ಹಳೆ ಡಿಐ ಪಿಕಪ್‌ಗೆ ದೊಡ್ಡ ನಾಝಲ್ ಹಾಕಿದ ಕೆಲಸ

ಡಿಐ ಅಂದರೆ ಡೀಸೆಲ್ ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್, ನಾಝಲ್ ಅಂದರೆ ಅದನ್ನು ಸಿಂಪಡಿಸುವ ಇಂಜೆಕ್ಟರಿನ ತೂತಿರುವ ತುದಿ. ನಾಝಲ್ ದೊಡ್ಡದು ಮಾಡಿಸಿದರೆ ಗಾಡಿ ಎಳೆಯುತ್ತದೆ ಅನ್ನುವುದು ಅರ್ಧ ನಿಜ. ಮೆಕ್ಯಾನಿಕಲ್ ಪಂಪ್ ಇರುವ ಎಂಜಿನ್‌ನಲ್ಲಿ ಎಷ್ಟು ಡೀಸೆಲ್ ಹೋಗಬೇಕು ಅಂತ ಅಳೆಯುವುದು ಪಂಪ್, ನಾಝಲ್ ಅಲ್ಲ. ತೂತು ದೊಡ್ಡದಾದರೆ ಅದೇ ಡೀಸೆಲ್ ಬೇಗ ಒಳಹೋಗುತ್ತದೆ, ಜೊತೆಗೆ ಪೈಪಿನ ಒತ್ತಡ ಇಳಿದು ಹನಿ ದಪ್ಪವಾಗುತ್ತದೆ. ಹಾಗಾಗಿ ನಾಝಲ್, ಪಂಪ್, ಗಾಳಿ ಮೂರನ್ನೂ ಒಟ್ಟಿಗೆ ನೋಡದೆ ಕೈ ಹಾಕಬಾರದು. ಕಂಪ್ಯೂಟರ್ ಹಿಡಿತದ ಸಿಆರ್‌ಡಿಐ (ಕಾಮನ್ ರೈಲ್) ಗಾಡಿಗೆ ಇಲ್ಲಿನ ಯಾವ ಮಾತೂ ಅನ್ವಯಿಸುವುದಿಲ್ಲ.

ಮೊದಲು ಗಾಳಿ. ದಾವಣಗೆರೆ ಸುತ್ತ ಮೆಕ್ಕೆಜೋಳ ಒಕ್ಕುವ ತಿಂಗಳುಗಳಲ್ಲಿ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟುತ್ತದೆ ಅಂತ ಈ ಕಡೆ ಓಡಿಸುವವರಿಗೆ ಗೊತ್ತು. ಹೊಸ ಫಿಲ್ಟರ್ ಹಾಕಿ, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಸುಗಳ ಸೀಳು ನೋಡಿ, ಟ್ಯಾಪೆಟ್ (ವಾಲ್ವ್ ಸಂದು) ಸೆಟ್ ಮಾಡಿ, ಡೀಸೆಲ್ ಫಿಲ್ಟರ್ ಬದಲಿಸಿದೆ. ಕಳೆದುಹೋದ ಎಳೆತದಲ್ಲಿ ಒಂದಷ್ಟು ಇಷ್ಟಕ್ಕೇ ವಾಪಸ್ ಬರುತ್ತದೆ. ಟರ್ಬೊ ಇಲ್ಲದ ಗಾಡಿಯಾದರೆ ಕಂಪನಿ ಅಳತೆಯ ಹೊಸ ನಾಝಲ್ ಸೆಟ್ ಹಾಕಿ ಅಲ್ಲಿಗೇ ನಿಲ್ಲಿಸಿ. ಗಾಳಿ ಹೆಚ್ಚಿಸಲಾಗದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಬರುವುದು ಹೊಗೆ.

ನಾಝಲ್ ಕೊಳ್ಳುವಾಗ ಮೇಲಿನ ಅಕ್ಷರ ಓದಬೇಕು. ಮೈಕೋ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾದರೂ ಅಂಗಡಿಯಲ್ಲಿ ಈಗಲೂ ‘ಮೈಕೋ ನಾಝಲ್’ ಅಂತಲೇ ಕೇಳುತ್ತೇವೆ. ಡಿಎಲ್‌ಎಲ್‌ಎ 150 ಪಿ ಅಂತಿದ್ದರೆ ತೂತಿನ ನಾಝಲ್, ಉದ್ದ ಮೂತಿ, 150 ಡಿಗ್ರಿ ಸಿಂಪಡಣೆ ಕೋನ, ಪಿ ಅನ್ನುವುದು ನಾಝಲ್‌ನ ಗಾತ್ರದ ಗುರುತು. ಡಿಎನ್ ಅಂತ ಶುರುವಾಗುವುದು ಪಿಂಟಲ್ (ಸೂಜಿಯ ತುದಿಯೇ ತೂತಿನೊಳಗೆ ಇಳಿಯುವ) ನಾಝಲ್, ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಗೆ ಸಿಂಪಡಿಸುವ ಹಳೆ ಐಡಿಐ ಎಂಜಿನ್ನಿನದು. ಕೋನ ಬದಲಾದರೆ ಸಿಂಪಡಣೆ ಪಿಸ್ಟನ್ ತಲೆಯ ಗುಳಿಗೆ (ಬೌಲ್) ಬೀಳದೆ ಅಂಚನ್ನು ಸುಡುತ್ತದೆ. ಆದ್ದರಿಂದ ಕೋನವನ್ನೂ ತೂತುಗಳ ಸಂಖ್ಯೆಯನ್ನೂ ಹಾಗೇ ಇಟ್ಟು ವ್ಯಾಸ ಮಾತ್ರ 0.24ರಿಂದ 0.26 ಮಿ.ಮೀ.ಗೆ ಏರಿಸಿದೆ. ಕಣ್ಣಿಗೆ ಕಾಣದ ವ್ಯತ್ಯಾಸ, ಆದರೆ ತೂತಿನ ವಿಸ್ತೀರ್ಣ ಸುಮಾರು ಶೇ. 17 ಹೆಚ್ಚು. ಇದಕ್ಕಿಂತ ಮುಂದೆ ಹೋಗುವುದು ದುರಾಸೆ. ಹಳೆ ನಾಝಲ್‌ನ ತೂತನ್ನೇ ಕೊರೆದು ದೊಡ್ಡದು ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ, ನಾಲ್ಕು ಸಿಲಿಂಡರಿನ ನಾಲ್ಕು ನಾಝಲ್‌ಗಳೂ ಒಂದೇ ಸಮ ಬರುವುದಿಲ್ಲ.

ಹೊಸ ನಾಝಲ್‌ನ ಸೂಜಿಯನ್ನು ಶುದ್ಧ ಡೀಸೆಲ್‌ನಲ್ಲಿ ತೊಳೆದು ಮೂರನೇ ಒಂದು ಭಾಗ ಹೊರಗೆಳೆದು ಬಿಟ್ಟರೆ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ಒಂದರ ಸೂಜಿ ಇನ್ನೊಂದಕ್ಕೆ ಹಾಕಬಾರದು, ಅವು ಜೋಡಿಯಾಗಿ ಉಜ್ಜಿ ಕೂರಿಸಿದವು. ಟೆಸ್ಟರ್ (ಇಂಜೆಕ್ಟರ್ ಪರೀಕ್ಷಿಸುವ ಕೈ ಪಂಪ್) ಮೇಲೆ ನಾಝಲ್ ತೆರೆಯುವ ಪ್ರೆಶರ್ ಸೆಟ್ ಮಾಡುವುದು ಸ್ಪ್ರಿಂಗ್ ಹತ್ತಿರ ಇಡುವ ತೆಳು ಬಿಲ್ಲೆ, ಅಂದರೆ ಶಿಮ್‌ನಿಂದ. ಎಷ್ಟು ಬಾರ್ ಅನ್ನುವುದಕ್ಕೆ ಆಯಾ ಎಂಜಿನ್ನಿನ ಮ್ಯಾನುಯಲ್ಲೇ ಪ್ರಮಾಣ. ಸ್ಪ್ರಿಂಗ್ ಹೊಸದಾದರೆ 5ರಿಂದ 10 ಬಾರ್ ಜಾಸ್ತಿ ಇಡಿ, ಓಡಿದ ಮೇಲೆ ಅದು ಕೂರುತ್ತದೆ. ನಾಲ್ಕರ ನಡುವೆ 5 ಬಾರ್‌ಗಿಂತ ವ್ಯತ್ಯಾಸ ಬೇಡ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ 10 ಸೆಕೆಂಡ್ ಹಿಡಿದರೆ ಮೂತಿಯಿಂದ ಹನಿ ಬೀಳಬಾರದು. ಸಿಂಪಡಣೆಯ ಹತ್ತಿರ ಕೈ ಒಯ್ಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಗಾಯ ಚಿಕ್ಕದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ಬಿಚ್ಚುವ ಮೊದಲು ಇಂಜೆಕ್ಟರ್ ಸುತ್ತಲಿನ ಧೂಳು ಗಾಳಿ ಹೊಡೆದು ತೆಗೆಯಿರಿ, ಬಿಚ್ಚಿದ ಪೈಪುಗಳ ಬಾಯಿಗೆ ಮುಚ್ಚಳ ಹಾಕಿ. ಹೆಚ್ಚಿನವರು ಎಡವುವುದು ತಾಮ್ರದ ವಾಷರ್‌ನಲ್ಲಿ. ಹಳೆಯದು ಇಂಜೆಕ್ಟರ್ ಕೂರುವ ಗುಂಡಿಯ ತಳಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಕಾಣದೆ ಮೇಲೆ ಹೊಸದು ಹಾಕಿದರೆ ನಾಝಲ್ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ, ಸಿಂಪಡಣೆ ತಪ್ಪಿ ಕರಿಹೊಗೆ ಶುರು. ತಪ್ಪು ನಾಝಲ್‌ನದು ಅಂತ ಎಲ್ಲರೂ ಬೈಯುತ್ತಾರೆ. ಟಾರ್ಚ್ ಹಾಕಿ ನೋಡಿ, ಎಷ್ಟು ತೆಗೆದಿರೋ ಅಷ್ಟೇ, ಅದೇ ದಪ್ಪದ್ದು ಹಾಕಿ. ಇಂಜೆಕ್ಟರ್ ಒತ್ತಿ ಹಿಡಿಯುವ ಕ್ಲ್ಯಾಂಪನ್ನು ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆಯುವ ಪಾನಾ) ಬಿಗಿಯಿರಿ. ಸಡಿಲವಿದ್ದರೆ ಪಕ್ಕದಿಂದ ಕಂಪ್ರೆಶನ್ ಚುಸ್ ಅನ್ನುತ್ತದೆ, ಅತಿಯಾದರೆ ಸೂಜಿ ಹಿಡಿಯುತ್ತದೆ.

ಡೀಸೆಲ್ ಲೈನಿನಲ್ಲಿ ಸೇರಿದ ಏರ್ ತೆಗೆಯುವುದು ಮೊದಲು ಡೀಸೆಲ್ ಫಿಲ್ಟರಿನ ಬ್ಲೀಡ್ ಸ್ಕ್ರೂನಲ್ಲಿ, ಕೈ ಪಂಪ್ ಹೊಡೆಯುತ್ತ ನೊರೆ ನಿಲ್ಲುವವರೆಗೆ. ಆಮೇಲೆ ಇಂಜೆಕ್ಟರ್ ತುದಿಯ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆದು, ಡೀಸೆಲ್ ಬಂದಂತೆ ಒಂದೊಂದಾಗಿ ಬಿಗಿಯಬೇಕು.

ಪಂಪಿನ ಸೀಲ್ ಒಡೆದು ಫ್ಯೂಯಲ್ ಸ್ಕ್ರೂ (ಡೀಸೆಲ್ ಪ್ರಮಾಣ ಹೊಂದಿಸುವ ಸ್ಕ್ರೂ) ತಿರುಗಿಸುವುದು ರಸ್ತೆ ಬದಿಯಲ್ಲಿ ಮಾಡುವಂಥದ್ದಲ್ಲ. ಪಂಪ್ ಟೆಸ್ಟ್ ಬೆಂಚ್ ಮೇಲೆ ಶೇ. 10ರಷ್ಟು ಹೆಚ್ಚಿಸಿ, ನಾಲ್ಕೂ ಔಟ್‌ಲೆಟ್ ಸಮ ಮಾಡಿಸಿದೆ. ಟರ್ಬೊಗೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಹೊಗೆಯ ಬಿಸಿ ಅಳೆಯುವ ಕೆ-ಟೈಪ್ ಥರ್ಮೊಕಪಲ್ ಕೂರಿಸಿ ಮೀಟರ್ ಹಾಕಿದ್ದು ಇಡೀ ಕೆಲಸದಲ್ಲಿ ಅತಿ ಉಪಯುಕ್ತ ಖರ್ಚು. ಲೋಡ್ ಹಾಕಿ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಏರು ಹತ್ತುವಾಗ 700 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಕಾಲು ಸಡಿಲಿಸಿ ಗೇರ್ ಇಳಿಸಬೇಕು. ಅದಕ್ಕಿಂತ ಮೇಲೆ ತುಂಬ ಹೊತ್ತು ಎಳೆದರೆ ಅಲ್ಯೂಮಿನಿಯಂ ಪಿಸ್ಟನ್ ಉಳಿಯುವುದಿಲ್ಲ. ಪದೇಪದೇ ಮುಟ್ಟುತ್ತಿದ್ದರೆ ಡೀಸೆಲ್ ಕಡಿಮೆ ಮಾಡಿಸಿ.

ಐಡಲ್‌ನಲ್ಲಿ ಒಂದೊಂದೇ ಪೈಪ್ ನಟ್ ಸಡಿಲಿಸಿ ನೋಡಿ, ಎಂಜಿನ್ ಪ್ರತಿ ಸಲವೂ ಒಂದೇ ಸಮ ಕುಗ್ಗಬೇಕು. ಕುಗ್ಗದಿದ್ದ ಸಿಲಿಂಡರಿನ ಇಂಜೆಕ್ಟರನ್ನು ಮತ್ತೆ ಟೆಸ್ಟರ್‌ಗೆ ಹಾಕಿ. ಬಿಸಿ ಎಂಜಿನ್‌ನಲ್ಲೂ ಬಿಳಿ ಹೊಗೆ ಬಂದರೆ ನಾಝಲ್ ಸೋರುತ್ತಿರಬಹುದು. ಬಿಎಸ್-4 (ಮಾಲಿನ್ಯ ಮಾನದಂಡ) ಬರುವುದಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟತೆಯ ಅಳತೆ). ಅದನ್ನು ದಾಟಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ತಲೆನೋವು ಖಚಿತ. 500 ಕಿ.ಮೀ. ಓಡಿದ ಮೇಲೆ ಕ್ಲ್ಯಾಂಪ್ ನಟ್‌ಗಳ ಟಾರ್ಕ್ ಇನ್ನೊಮ್ಮೆ ನೋಡಿ, ಲೀಕ್-ಆಫ್ ಪೈಪಿನ (ಇಂಜೆಕ್ಟರಿನಿಂದ ಮಿಕ್ಕ ಡೀಸೆಲ್ ವಾಪಸ್ ಒಯ್ಯುವುದು) ಬ್ಯಾಂಜೋ ಜೋಡಣೆಗಳ ಹತ್ತಿರ ಒದ್ದೆ ಇದೆಯಾ ಬಟ್ಟೆಯಲ್ಲಿ ಒರೆಸಿ ಪರೀಕ್ಷಿಸಿ.