ಎರಕದ ನಂತರದ ಅರ್ಧ ನಿಮಿಷ: ಮನೆಯಲ್ಲಿ ಬೆಳ್ಳಿ ಗಟ್ಟಿ ಮಾಡಿದ ನನ್ನ ಅನುಭವ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ, ಎರಡು ಕಡೆ ಗೋಡೆಯಿಲ್ಲದ ಸಣ್ಣ ಚಪ್ಪರದಡಿ, ನಾನು ಆರು ವರ್ಷಗಳಿಂದ ಹಳೆಯ ಬೆಳ್ಳಿಯನ್ನು ಕರಗಿಸಿ ನೂರು ಗ್ರಾಮಿನ ಗಟ್ಟಿಗಳನ್ನು ಎರೆಯುತ್ತಿದ್ದೇನೆ. ಬೆಳ್ಳಿಯನ್ನು ಕರಗಿಸುವುದೇ ಕಷ್ಟದ ಕೆಲಸವೆಂದು ಮೊದಲು ತಿಳಿದಿದ್ದೆ. ಆದರೆ ಗಟ್ಟಿಯ ರೂಪವೂ ಗುಣವೂ ನಿರ್ಧಾರವಾಗುವುದು ಅಚ್ಚಿಗೆ ಸುರಿದ ನಂತರದ ಅರ್ಧ ನಿಮಿಷದಲ್ಲಿ.

ನಾನು ಬಳಸುವುದು ಮನೆಯವರ ಮತ್ತು ನೆಂಟರ ಮುರಿದ ಕಾಲುಗೆಜ್ಜೆ, ಕಾಲುಂಗುರ, ಸವೆದ ಕುಂಕುಮದ ಬಟ್ಟಲುಗಳನ್ನು. ಹಳೆಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆಯಿದ್ದು, ಅದರ ಹೊಗೆ ಶ್ವಾಸಕೋಶಕ್ಕೆ ವಿಷವಾದ್ದರಿಂದ, ಬೆಸುಗೆಯ ಜಾಗಗಳನ್ನು ಮೊದಲೇ ಕತ್ತರಿಸಿ ಬೇರೆ ಇಡುತ್ತೇನೆ. ಬ್ರಿಟಿಷ್ ಕಾಲದ ರೂಪಾಯಿಗಳನ್ನು ಮಾತ್ರ ಎಂದೂ ಕರಗಿಸಿಲ್ಲ. 1940ಕ್ಕಿಂತ ಹಿಂದಿನ ಆ ನಾಣ್ಯ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ನಾಣ್ಯವಾಗಿಯೇ ಉಳಿಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಳಿಗಾರವನ್ನು ಕರಗಿಸಿ ಒಳಮೈಗೆ ಗಾಜಿನಂತೆ ಹಚ್ಚಿದ ಮಣ್ಣಿನ ಮೂಸೆಯನ್ನು ಬೆಂಕಿ ತಾಳುವ ಇಟ್ಟಿಗೆಗಳ ನಡುವೆ ಇಟ್ಟು ಗ್ಯಾಸ್ ಟಾರ್ಚಿನಿಂದ ಕಾಯಿಸುತ್ತೇನೆ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು ಇಪ್ಪತ್ತು ಪಟ್ಟು ಆಮ್ಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಒಮ್ಮೆಲೇ ಹೊರಗೆ ಬಿಡುತ್ತದೆ. ಮೇಲ್ಮೈ ಸಿಡಿದು ಗುಳ್ಳೆ ಬೀಳುವುದು ಇದರಿಂದಲೇ. ಅದಕ್ಕಾಗಿ ಗಾಳಿ ಕಡಿಮೆಯಿರುವ, ತುಸು ಹಳದಿಯಾದ ಮೆದು ಜ್ವಾಲೆಯನ್ನು ಬಳಸಿ, ಕರಗಿದ ಬೆಳ್ಳಿಯ ಮೇಲೆ ತೆಂಗಿನ ಕರಟದ ಇದ್ದಿಲಿನ ಒಂದೆರಡು ಚೂರು ಹಾಕುತ್ತೇನೆ.

ಅಚ್ಚು ಬೀಡುಕಬ್ಬಿಣದ್ದು, ತಳ 50 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ ಆದ್ದರಿಂದ ನೂರು ಗ್ರಾಂ ಸುರಿದರೆ ಗಟ್ಟಿ ಒಂಬತ್ತೂವರೆ ಮಿಲಿಮೀಟರ್ ದಪ್ಪವಾಗುತ್ತದೆ. ಎರಡನೆಯ ವರ್ಷದ ಮಳೆಗಾಲದಲ್ಲಿ, ಕೈಗೆ ಒಣಗಿದಂತೆ ತೋರಿದ ಅಚ್ಚಿಗೆ ನೇರವಾಗಿ ಸುರಿದೆ. ನಮ್ಮ ಕರಾವಳಿಯ ಆಷಾಢದ ಗಾಳಿಯಲ್ಲಿ ಕಬ್ಬಿಣವೂ ಬೆವರುತ್ತದೆ. ತುಕ್ಕಿನೊಳಗೆ ಉಳಿದಿದ್ದ ತೇವ ಒಂದೇ ಕ್ಷಣದಲ್ಲಿ ಉಗಿಯಾಗಿ, ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗಿ, ಬೆಳ್ಳಿಯ ಹನಿಗಳನ್ನು ಎದೆಯೆತ್ತರಕ್ಕೆ ಎಸೆಯಿತು. ಚರ್ಮದ ಏಪ್ರನ್ ಮತ್ತು ಮುಖಗವಸು ಇದ್ದುದರಿಂದ ಸುಟ್ಟುಕೊಳ್ಳಲಿಲ್ಲ. ಆಮೇಲೆ ಅಚ್ಚಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಹೊರಗೋಡೆಗೆ ತಾಗಿಸಿದ ನೀರಿನ ಹನಿ ಚುರ್ರೆಂದು ಆರಿಹೋಗುವಷ್ಟು ಕಾಯಿಸಿ, ಒಳಗೆ ಚಿಮಣಿ ದೀಪದ ಮಸಿ ಹಿಡಿಸದೆ ಸುರಿಯುವುದೇ ಇಲ್ಲ.

ಸುರಿಯುವುದನ್ನು ನನಗೆ ಕಲಿಸಿದವರು ಅಂಕೋಲೆಯ ಹಿರಿಯ ಅಕ್ಕಸಾಲಿಗರು. ನಾನು ಸುರಿದ ಕೂಡಲೇ ಟಾರ್ಚ್ ಆರಿಸಲು ಹೋದಾಗ ಅವರು, “ಬೆಂಕಿ ತೆಗೀಬೇಡ ತಮ್ಮಾ, ಮೇಲಿಂದು ಇನ್ನೂ ನೀರಾಗಿದೆ” ಎಂದರು. ಬೆಳ್ಳಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಮೇಲ್ಭಾಗ ಮೊದಲು ಹೆಪ್ಪುಗಟ್ಟಿದರೆ ಒಳಗಿನ ಕುಗ್ಗುವಿಕೆಗೆ ಬೆಳ್ಳಿ ಸಾಲದೆ ನಡುವೆ ಗುಳಿ ಬೀಳುತ್ತದೆ. ಜ್ವಾಲೆಯನ್ನು ಮೇಲೆಯೇ ಆಡಿಸುತ್ತಿದ್ದು, ತಳ ಮತ್ತು ಅಂಚು ಹೆಪ್ಪುಗಟ್ಟಿದಂತೆ ಅದನ್ನು ನಿಧಾನವಾಗಿ ಮೇಲಕ್ಕೆತ್ತಬೇಕು. ಕನ್ನಡಿಯಂಥ ಹೊಳಪು ಅಂಚಿನಿಂದ ನಡುವಿಗೆ ಮಂಕಾಗುತ್ತಾ ಬರುವುದನ್ನು ನೋಡುವುದು ನನಗೆ ಈಗಲೂ ಅತ್ಯಂತ ಪ್ರಿಯವಾದ ಕ್ಷಣ.

ಕೆಂಪು ಪೂರ್ತಿ ಆರಿದ ಮೇಲೆ ಗಟ್ಟಿಯನ್ನು ನೀರಿಗೆ ಹಾಕಿ, ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿ ಕಪ್ಪು ಮತ್ತು ಬಿಳಿಗಾರದ ಪದರವನ್ನು ಬಿಡಿಸುತ್ತೇನೆ. ಚೂಪಾದ ಅಂಚುಗಳನ್ನಷ್ಟೇ ಅರದಿಂದ ಸವರಿ, ಅಂಟುವಾಳದ ನೊರೆಯಲ್ಲಿ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದರೆ ಮೆದುವಾದ ಬಿಳಿ ಹೊಳಪು ಬರುತ್ತದೆ. ಯಂತ್ರದ ಪಾಲಿಶ್ ಎರಕದ ಗುರುತುಗಳನ್ನೆಲ್ಲ ಅಳಿಸುವುದರಿಂದ ನನಗೆ ಒಗ್ಗುವುದಿಲ್ಲ. ಗಟ್ಟಿಯ ಮೇಲೆ ತೂಕವನ್ನೂ ವರ್ಷವನ್ನೂ ಒತ್ತುತ್ತೇನೆ, ಶುದ್ಧ ಬೆಳ್ಳಿಯ ಗುರುತಾದ 999 ಎಂದು ಒತ್ತುವುದಿಲ್ಲ. ಕರಗಿಸಿದ ಮಾತ್ರಕ್ಕೆ ಗೆಜ್ಜೆಯ ತಾಮ್ರ ಬಿಟ್ಟುಹೋಗುವುದಿಲ್ಲ. ಅರದ ಪುಡಿಯಲ್ಲಿ ಸೇರಿದ ಕಬ್ಬಿಣವನ್ನು ಅಯಸ್ಕಾಂತದಿಂದ ತೆಗೆದು, ಉಳಿದುದನ್ನು ಮುಂದಿನ ಎರಕಕ್ಕೆಂದು ಸಣ್ಣ ಡಬ್ಬಿಯಲ್ಲಿ ಇಡುತ್ತೇನೆ.