ಒಂದು ಪಿನ್ನಿಗೆ ಎರಡು ದೇಶದ ಕಾಗದ

ಎರಡು ವರ್ಷದ ಹಿಂದಿನ ಹುತ್ತರಿ ರಾತ್ರಿ, ನಮ್ಮ ಕೊಡಗಿನ ಸುಗ್ಗಿಹಬ್ಬ. ಗದ್ದೆಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಈಡು ಹೊಡೆಯಬೇಕಿತ್ತು. ಕೋವಿ ನನ್ನ ಕೈಲಿ. ಬಲಗಡೆ ಕುದುರೆ (ಏಟು ಕೊಡುವ ಸುತ್ತಿಗೆಯಂಥ ಭಾಗ) ಎಳೆದು ಒತ್ತಿದೆ. 'ಟಕ್' ಅಂತ ಸದ್ದು ಬಂತು, ಅಷ್ಟೇ. ನಳಿಗೆಯನ್ನು ಆಕಾಶಕ್ಕೇ ಹಿಡಿದು ಅರ್ಧ ನಿಮಿಷ ಸುಮ್ನೆ ನಿಂತೆ. ತೋಟೆ ತಡವಾಗಿ ಹಾರುವುದೂ ಉಂಟು. ಹಾರಲಿಲ್ಲ. ಆಮೇಲೆ ಎಡ ನಳಿಗೆಯಲ್ಲಿ ಹೊಡೆದು ಶಾಸ್ತ್ರ ಮುಗಿಸಿದೆವು.

ಮಾರನೆಯ ದಿನ ಎರಡೂ ತೋಟೆಗಳನ್ನು ಜಗಲಿಯ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಎಡಗಡೆಯದರ ಹಿತ್ತಾಳೆ ತಳದಲ್ಲಿ ಮೆಣಸಿನ ಕಾಳು ಕೂರುವಷ್ಟು ಗುಂಡಿ. ಬಲಗಡೆಯದರಲ್ಲಿ ಉಗುರಿನಿಂದ ಗೀರಿದಂತೆ ಒಂದು ಗುರುತು, ಅಷ್ಟೇ. ತೋಟೆಯ ತಳಕ್ಕೆ ಕುಟ್ಟಿ ಹಾರಿಸುವ ಫೈರಿಂಗ್ ಪಿನ್ನಿನ ಮೊನೆ ಒಡೆದಿತ್ತು. ಅಜ್ಜನ ಕಾಲದ 12 ಬೋರ್ ಜೋಡಿ ನಳಿಗೆ, ಹೊರಗೆ ಎರಡು ಕುದುರೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ಹೊರಗಿನಿಂದ ತರಿಸಿದರೆ ಆಯ್ತಲ್ವಾ ಅಂದುಕೊಂಡೆ. ಒಂದೂವರೆ ಇಂಚಿನ ಕಬ್ಬಿಣದ ಕಡ್ಡಿ ತಾನೆ?

ಇಂಗ್ಲೆಂಡಿನಲ್ಲಿ ಹಳೆಯ ಕೋವಿಗಳ ಬಿಡಿಭಾಗ ಮಾರುವ ಒಂದು ಅಂಗಡಿಗೆ ಬರೆದೆ. ನಳಿಗೆಯ ಕೆಳಗಿನ ಮುದ್ರೆಗಳ ಫೋಟೋ ಕೇಳಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೂಫ್ ಹೌಸ್ ಅಂತ ಒಂದಿದೆ, 1813ರಿಂದ. ಅಲ್ಲಿ ಪ್ರತಿ ನಳಿಗೆಗೂ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡಿ, ತಡೆದರೆ ಮುದ್ರೆ ಒತ್ತುತ್ತಾರೆ. ಕೋವಿ ಯಾವ ಕಾಲದ್ದು ಅಂತ ಆ ಮುದ್ರೆ ನೋಡಿಯೇ ಸುಮಾರಾಗಿ ಹೇಳಬಹುದು. ಅವರು ಹೇಳಿದರು, ಬೆಲೆಯನ್ನೂ ಹೇಳಿದರು. ನಾನು ಹಿಂದೆ ಮುಂದೆ ನೋಡದೆ 38 ಪೌಂಡ್ ಕಳಿಸಿಬಿಟ್ಟೆ. ದುಡ್ಡು ಹೋಗಬೇಕಾದದ್ದು ಕಟ್ಟಕಡೆಗೆ. ನಾನು ಮೊದಲೇ ಕಳಿಸಿ ಕೂತೆ.

ದುಡ್ಡು ತಲುಪಿದ ಮೇಲೆ ಅವರ ಕಾಗದ ಬಂತು. ಇದು ಆಯುಧದ ಭಾಗ, ರಫ್ತು ಲೈಸೆನ್ಸ್ ಇಲ್ಲದೆ ಅಂಚೆಗೆ ಹಾಕುವುದಿಲ್ಲ ಅಂದರು. ಅರ್ಜಿಯನ್ನು ಅವರೇ ತಮ್ಮ ಸರ್ಕಾರದ ರಫ್ತು ನಿಯಂತ್ರಣ ವಿಭಾಗಕ್ಕೆ ಆನ್‌ಲೈನ್‌ನಲ್ಲಿ ಹಾಕುತ್ತಾರಂತೆ. ನಿಜ ಹೇಳಬೇಕೆಂದರೆ ಆ ಕಡೆಯ ವ್ಯವಸ್ಥೆ ನಾನು ಹೆದರಿದಷ್ಟು ಕಷ್ಟದ್ದಲ್ಲ. ಲೈಸೆನ್ಸಿಗೆ ಸರ್ಕಾರಿ ಶುಲ್ಕವಿಲ್ಲ, ಸಿಕ್ಕಿದರೆ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಆದರೆ ನನ್ನಿಂದ ಎರಡು ಕಾಗದ ಬೇಕು ಅಂದರು.

ಮೊದಲನೆಯದು ಬಳಕೆದಾರನ ಮುಚ್ಚಳಿಕೆ. ಸಾಮಾನು ಯಾರ ಕೈಗೆ ಹೋಗುತ್ತೆ, ಎಲ್ಲಿ, ಯಾತಕ್ಕೆ ಅಂತೆಲ್ಲ ಬರೆದು ಸಹಿ ಹಾಕಬೇಕು. ಇದನ್ನು ಅಣು, ರಾಸಾಯನಿಕ ಅಥವಾ ಜೈವಿಕ ಅಸ್ತ್ರಗಳಿಗಾಗಲಿ, ಕ್ಷಿಪಣಿಗಾಗಲಿ ಬಳಸುವುದಿಲ್ಲ ಅಂತಲೂ ಅದರಲ್ಲಿದೆ. ಹುತ್ತರಿಗೆ ಒಂದು ಈಡು ಹೊಡೆಯುವವನಿಂದ ಕ್ಷಿಪಣಿ ಮಾಡಲ್ಲ ಅಂತ ಮಾತು! ಲೆಟರ್‌ಹೆಡ್ ಬೇಕು ಅಂದರು. ತೋಟದ ಹೆಸರಿನದ್ದು, ಕಾಫಿ ಮಾರಾಟಕ್ಕೆ ಮಾಡಿಸಿದ್ದು, ಒಂದಿಷ್ಟು ಹಾಳೆ ಉಳಿದಿತ್ತು. ಮೇಲೆ ಕಾಫಿ ಗಿಡದ ಚಿತ್ರ, ಕೆಳಗೆ ಅಣ್ವಸ್ತ್ರದ ಮಾತು. ಸಹಿ ಹಾಕಿ ಕಳಿಸಿದೆ.

ಎರಡನೆಯದು ಭಾರತದ ಆಮದು ಲೈಸೆನ್ಸಿನ ಪ್ರತಿ. ಗಾಡಿ ನಿಂತದ್ದು ಇಲ್ಲಿ.

'ನಮಗೆ ಲೈಸೆನ್ಸ್ ಬೇಡ, ನಮಗೆ ವಿನಾಯಿತಿ ಇದೆ' ಅಂತ ಹೇಳಿಕೊಂಡು ಬೆಳೆದವರು ನಾವು. ವಿನಾಯಿತಿ ಪತ್ರವನ್ನೇ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಕು ಅಂದುಕೊಂಡೆ. ಪುಣ್ಯಕ್ಕೆ, ಕಳಿಸುವ ಮುಂಚೆ ಮಡಿಕೇರಿಯ ಕಚೇರಿಯಲ್ಲಿ ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ, 'ಇದರಲ್ಲಿ ಯಾವ ಸೆಕ್ಷನ್ ಬರೆದಿದೆ, ಓದಿ ನೋಡಿ' ಅಂದರು. ಅಷ್ಟು ವರ್ಷ ಬೀರುವಿನಲ್ಲಿಟ್ಟ ಕಾಗದ. ಅವತ್ತೇ ಮೊದಲ ಸಲ ಸರಿಯಾಗಿ ಓದಿದ್ದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ತಲೆತಲಾಂತರದಿಂದ ಬಂದ ಜಮ್ಮಾ ಭೂಮಿ ಉಳ್ಳವರಿಗೂ) ಇರುವ ವಿನಾಯಿತಿ 1959ರ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ. ಅಂದರೆ ಕೋವಿ ಇಟ್ಟುಕೊಳ್ಳಲು, ಒಯ್ಯಲು. ಇದನ್ನು 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಪ್ರಶ್ನಿಸಿ ಹೈಕೋರ್ಟಿಗೆ ಹೋದಾಗಲೂ 2021ರಲ್ಲಿ ಎತ್ತಿಹಿಡಿಯಲಾಯಿತು. ಆದರೆ ದೇಶದೊಳಗೆ ತರುವುದು, ಹೊರಗೆ ಕಳಿಸುವುದು 10ನೇ ಸೆಕ್ಷನ್. ನಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ. ಇನ್ನೊಂದು, ಕಾಯ್ದೆಯಲ್ಲಿ 'ಆಯುಧ' ಅಂದರೆ ಅದರ ಭಾಗಗಳೂ ಸೇರಿವೆ. ಪಿನ್ನೂ ಕೋವಿಯೇ.

ಅದರ ಮೇಲೆ ವಿದೇಶ ವ್ಯಾಪಾರದ ಇಲಾಖೆ ಬೇರೆ. ಕಸ್ಟಮ್ಸ್ ಪಟ್ಟಿಯಲ್ಲಿ ಆಯುಧಗಳದ್ದು 93ನೇ ಅಧ್ಯಾಯ, ಬಿಡಿಭಾಗಗಳದ್ದು 9305. ಅದು ನಿರ್ಬಂಧಿತ ಸಾಮಾನು, ಮುಂಚೆಯೇ ಅನುಮತಿ ಪಡೆಯಬೇಕು. ಆ ಇಲಾಖೆಯ ಕಚೇರಿ ಇರುವ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನಕ್ಕೂ ಒಂದು ದಿನ ಹೋಗಿ ಬಂದೆ. ಹೆಸರು ಮಾಡಿದ ಶೂಟರ್‌ಗಳಿಗೆ, ರೈಫಲ್ ಕ್ಲಬ್‌ಗಳಿಗೆ ಕ್ರೀಡಾ ಇಲಾಖೆಯ ಶಿಫಾರಸಿನ ಮೇಲೆ ಒಂದು ದಾರಿ ಇದೆ. ನಾನು ಹುತ್ತರಿಯ ಶೂಟರ್. ಅರ್ಜಿ ಹಾಕಬೇಡಿ ಅಂತ ಯಾರೂ ಹೇಳಲಿಲ್ಲ. ಆದರೆ 38 ಪೌಂಡಿನ ಕಡ್ಡಿಗೆ ಹೋಗುವ ಬಸ್ ಚಾರ್ಜು, ಕೆಲಸ ಕೆಟ್ಟ ದಿನಗಳ ಲೆಕ್ಕ ಹಾಕಿ ನಾನೇ ಕೈಬಿಟ್ಟೆ.

ಈ ನಡುವೆ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಅಮೆರಿಕದಲ್ಲಿರುವ ಭಾವನ ಮಗ ಫೋನಿನಲ್ಲಿ, 'ಮಾವ, ಬರುವಾಗ ಬ್ಯಾಗಲ್ಲಿ ಹಾಕ್ಕೊಂಡು ಬರ್ತೀನಿ, ಪೆನ್ನಿನಷ್ಟೂ ಇಲ್ಲ' ಅಂದ. ಬೇಡವೇ ಬೇಡ ಮಾರಾಯ ಅಂದೆ. ಅಂಚೆಯಲ್ಲಿ ಬಂದರೂ ಬ್ಯಾಗಲ್ಲಿ ಬಂದರೂ 10ನೇ ಸೆಕ್ಷನ್ ಒಂದೇ. ಅಲ್ಲಿಂದ ಹೊರಡಲು ಆ ದೇಶದ ಕಾನೂನು ಬೇರೆ. ರಜೆಗೆ ಬರುವ ಹುಡುಗ ಏರ್‌ಪೋರ್ಟಿನಲ್ಲಿ ಉತ್ತರ ಕೊಡುತ್ತಾ ನಿಲ್ಲಬೇಕಾ? ಗೋಣಿಕೊಪ್ಪದ ಒಬ್ಬ ಲೇತ್‌ನವನು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇನೆ ಅಂದ. ಮಾಡಿಯಾನು, ಕೈ ಒಳ್ಳೆಯದು. ಆದರೆ ಆಯುಧದ ಭಾಗ ಮಾಡಲು, ರಿಪೇರಿ ಮಾಡಲು ಅವನ ಹತ್ತಿರ ಲೈಸೆನ್ಸ್ ಬೇಕು. ಅದು 5ನೇ ಸೆಕ್ಷನ್. ಸಿಕ್ಕಿಬಿದ್ದರೆ ನನ್ನ ಜೊತೆ ಅವನೂ.

ಕೊನೆಗೆ ಜಿಲ್ಲೆಯೊಳಗೇ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಕೋವಿ ಬಿಚ್ಚಿ, ಖಾಲಿ ಅಂತ ಎರಡು ಸಲ ನೋಡಿ, ಚೀಲದಲ್ಲಿ ಹಾಕಿ, ವಿನಾಯಿತಿ ಪತ್ರದ ಜೊತೆ ಒಯ್ದೆ. ಅವರು ನಂಬರ್ ಓದಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ನನ್ನ ಇಂಗ್ಲೆಂಡ್ ಪುರಾಣ ಕೇಳಿ ನಕ್ಕರು. 'ತರಿಸಿದ್ರೂ ಕೂರ್ತಿರಲಿಲ್ಲ' ಅಂದರು. ಆ ಕಾಲದ ಕೋವಿಗಳನ್ನು ಒಂದೊಂದನ್ನೂ ಕೈಯಲ್ಲಿ ಅರದಿಂದ ಉಜ್ಜಿ ಕೂರಿಸಿದ್ದಾರೆ. ಒಂದೇ ಕೋವಿಯ ಎಡಗಡೆ ಪಿನ್ ಬಲಗಡೆಗೆ ಕೂರುತ್ತೆ ಅನ್ನುವ ಖಾತ್ರಿಯಿಲ್ಲ. ಅಂಗಡಿಯಿಂದ ಬರುವುದು ಅಂದಾಜಿನ ಅಳತೆಯದ್ದು, ಹೇಗಿದ್ದರೂ ಇಲ್ಲಿ ಉಜ್ಜಲೇಬೇಕು.

ಅವರು ಮುರಿದ ಪಿನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಡೆದ ಜಾಗ ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು. ಉಕ್ಕು ತೀರಾ ಗಡುಸಾದರೆ ಹೀಗೆ ಒಡೆಯುತ್ತೆ, ಮೆದುವಾದರೆ ಮೊನೆ ಜಜ್ಜಿಹೋಗುತ್ತೆ, ಕಾಯಿಸಿ ಎಣ್ಣೆಗೆ ಅದ್ದಿ ಮತ್ತೆ ಹದಕ್ಕೆ ಕಾಯಿಸುವುದರಲ್ಲೇ ಎಲ್ಲ ಇರುವುದು ಅಂದರು. ಎರಡೂ ಕಡೆಗೆ ಹೊಸದು ಮಾಡಿಸಿದೆ. ಹದಿನೈದು ದಿನ ಹಿಡಿಯಿತು.

ಇಂಗ್ಲೆಂಡಿನವರು ದುಡ್ಡು ವಾಪಸ್ ಕಳಿಸಿದರು, ಮರ್ಯಾದಸ್ಥರು. ಹೋಗುವಾಗ ಬರುವಾಗ ಬ್ಯಾಂಕಿನವರು ಹಿಡಿದುಕೊಂಡದ್ದು ಮಾತ್ರ ಹೋಯಿತು. ಹಳೆಯ ಪಿನ್ನನ್ನು ಎಸೆಯಲಿಲ್ಲ. ಕೋವಿಯ ಕಾಗದಗಳ ಜೊತೆಗೇ ಇಟ್ಟಿದ್ದೇನೆ, ಅದೂ ಆಯುಧವೇ ಆದ್ದರಿಂದ.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ಊರವರ ಜೊತೆ ತೆಂಗಿನಕಾಯಿಗೆ ಗುರಿ ಇಡಲು ಹೋದೆವು. ಬಲ ನಳಿಗೆ ಒಂದೇ ಏಟಿಗೆ ಹಾರಿತು. ಕಾಯಿ ಅಲ್ಲಾಡಲಿಲ್ಲ. ಮಗಳು, 'ಅಪ್ಪ, ಇದಕ್ಕೂ ಪಾರ್ಟ್ಸ್ ತರಿಸ್ಬೇಕಾ?' ಅಂತ ಕೇಳಿದಳು.