ಉರಿ ಆರಿಸಿದ ಮೇಲೆ ಬೇಯಿಸಿದ್ದು: ನನ್ನ ಅನುಭವ

"ಒಲೆಯ ಮೇಲೆ ಒಂದೂವರೆ ಗಂಟೆ ಕುದಿದರೂ ಬೇಯದ ಕಾಳು, ಕಂಬಳಿ ಹೊದ್ದು ಮಲಗಿದರೆ ಬೇಯುತ್ತದೆಯೇನೋ?" ಕುದಿಸಿ ಇಳಿಸಿದ ಪಾತ್ರೆಯನ್ನು ಶಾಖ ಹೊರಹೋಗದಂತೆ ಮುಚ್ಚಿಟ್ಟು, ಒಳಗಿನ ಬಿಸಿಯಲ್ಲೇ ಬೇಯಿಸುವ ಅಡುಗೆ ಪೆಟ್ಟಿಗೆಯ ವಿಷಯ ಎತ್ತಿದಾಗಲೆಲ್ಲ ನನ್ನ ಅಣ್ಣ ಕೇಳುತ್ತಿದ್ದ ಪ್ರಶ್ನೆ ಇದೊಂದೇ. ಮೊದಲ ಎಂಟು ತಿಂಗಳು ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ನನ್ನ ಕಾಳು ನಿಜವಾಗಿಯೂ ಬೇಯುತ್ತಿರಲಿಲ್ಲ. ಈಗ ನಮ್ಮ ಮನೆಯ ಅಕ್ಕಿ, ಬೇಳೆ, ಕಾಳು, ಗೆಡ್ಡೆಗಳ ಮುಕ್ಕಾಲು ಪಾಲು ಉರಿ ಆರಿಸಿದ ಮೇಲೆಯೇ ಬೇಯುತ್ತದೆ. ಹಿಂದೆ 40 ದಿನಕ್ಕೆ ಬರಿದಾಗುತ್ತಿದ್ದ ಸಿಲಿಂಡರ್ ಈಗ 60 ದಿನ ದಾಟುತ್ತದೆ, ಒಮ್ಮೆ 66 ದಿನವೂ ಬಂದದ್ದುಂಟು. ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ಹಣ ಕಳೆದೆ, ಕೊನೆಗೆ ಯಾವುದು ಕೈಹಿಡಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ಅಂಕಿಗಳು ಹೆಚ್ಚಾಗಿ ನೆನಪಿನವು, ಹತ್ತಕ್ಕೆ ಒಂದು ಆಚೀಚೆ ಇರಬಹುದು.

ಮೊದಲನೆಯ ತಪ್ಪು ಪಾತ್ರೆಗಿಂತ ಮೊದಲೇ ಪೆಟ್ಟಿಗೆ ಮಾಡಿದ್ದು. ಐದು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಪೆಟ್ಟಿಗೆಯೊಂದು ಅಗ್ಗವಾಗಿ ಸಿಕ್ಕಿತೆಂದು ತಂದು, ಅದರಲ್ಲಿ ಎರಡು ಲೀಟರಿನ ಪಾತ್ರೆಯನ್ನು ಇಟ್ಟು, ಸುತ್ತ ಉಳಿದ ಜಾಗಕ್ಕೆ ಹಳೆಯ ಟವೆಲ್‌ಗಳನ್ನು ತುರುಕಿ ಮುಚ್ಚಿದೆ. ಒಲೆಯಿಂದ ಇಳಿಸಿದ ಪಾತ್ರೆಯ ತಳವನ್ನು ನೇರವಾಗಿ ಥರ್ಮಾಕೋಲಿನ ಮೇಲೆ ಕೂರಿಸಿದ್ದರಿಂದ ಸಂಜೆ ತೆರೆದಾಗ ಪಾತ್ರೆಯ ಆಕಾರದ ಗುಂಡಿಯೊಂದು ಬಿದ್ದಿತ್ತು, ಮುಚ್ಚಳದ ಒಳಮೈ ಆವಿಗೆ ಮೆತ್ತಗಾಗಿ ಸೊಟ್ಟಾಗಿತ್ತು. ಕುದಿಯುವ ನೀರಿನ ಶಾಖಕ್ಕೆ ಆ ವಸ್ತು ಮೆತ್ತಗಾಗುತ್ತದೆ ಎಂದು ಗೊತ್ತಿದ್ದೂ ಮಾಡಿದ ಕೆಲಸವಿದು. ಒಳಗಿನ ಅಕ್ಕಿಯ ಗತಿ ಇನ್ನೂ ಕೆಟ್ಟದಾಗಿತ್ತು: ಅಗುಳಿನ ಹೊರಗೆ ಅಂಟು, ನಡುವೆ ಸುಣ್ಣದಂಥ ಗಟ್ಟಿ ಚುಕ್ಕೆ. ಥರ್ಮಾಮೀಟರ್ ಅದ್ದಿದರೆ ನಾಲ್ಕು ಗಂಟೆಯಲ್ಲಿ 61 ಡಿಗ್ರಿಗೆ ಇಳಿದಿತ್ತು. ಆ ದಿನ ಅಣ್ಣ ಏನೂ ಹೇಳದೆ ಎದ್ದುಹೋಗಿ ಬ್ರೆಡ್ ತಿಂದ. ಅವನು ಬೈದಿದ್ದರೇ ಚೆನ್ನಾಗಿತ್ತು.

ಎರಡನೆಯದು ಮರದ ಪೆಟ್ಟಿಗೆ. ಬಡಗಿಯ ಕೂಲಿ ಸೇರಿ ಅದಕ್ಕೆ ಹೋದ ಹಣದಲ್ಲಿ ನಾಲ್ಕು ತಿಂಗಳ ಅನಿಲ ಬರುತ್ತಿತ್ತು ಎಂಬುದನ್ನು ಮನೆಯಲ್ಲಿ ಆಗ ಹೇಳಿರಲಿಲ್ಲ, ಈಗ ಹೇಳಬಹುದು. ಒಳಗೆ ಎಲ್ಲ ಕಡೆಗೂ ಹತ್ತು ಸೆಂಟಿಮೀಟರ್ ಮರದ ಹೊಟ್ಟು ತುಂಬಿದೆ. ಮೊದಲ ಎರಡು ವಾರ ಸೊಗಸಾಗಿ ನಡೆಯಿತು; ಅಂದು ಸಂಜೆಗೂ 75 ಡಿಗ್ರಿ ಉಳಿಯುತ್ತಿತ್ತು. ಮೂರನೆಯ ವಾರ 70, ಐದನೆಯ ವಾರ 60ರ ಹತ್ತಿರ. ಕಾರಣ ಹುಡುಕಲು ಹೋಗಿ ಹೊಟ್ಟಿಗೆ ಕೈಹಾಕಿದರೆ ಅದು ಮಳೆಯಲ್ಲಿ ನೆಂದ ಮಣ್ಣಿನಂತೆ ತಣ್ಣಗೆ, ಭಾರವಾಗಿತ್ತು. ತಳದಲ್ಲಿ ಬೂಷ್ಟು ಬೆಳೆದಿತ್ತು. ಪ್ರತಿದಿನ ಮುಚ್ಚಳದ ಸಂದಿಯಿಂದ ನುಸುಳಿದ ಆವಿಯೆಲ್ಲ ಅಲ್ಲಿಗೇ ಸೇರಿತ್ತು. ಒಣ ಹೊಟ್ಟಿನಲ್ಲಿ ಶಾಖವನ್ನು ತಡೆಯುವುದು ಅದರೊಳಗಿನ ಗಾಳಿ. ಆ ಜಾಗಕ್ಕೆ ನೀರು ಬಂದಮೇಲೆ ತಡೆಯುವವರು ಯಾರು? ಎಲ್ಲವನ್ನೂ ಸುರಿದೆ. ಪೆಟ್ಟಿಗೆ ಈಗ ಚಪ್ಪಲಿ ಇಡಲು ಆಗಿದೆ.

ಇಷ್ಟಾದ ಮೇಲೆ ಸೋತು, ವಿದ್ಯುತ್ತಿನ ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಕೊಂಡೆ. ಅಡುಗೆಯ ವಿಷಯದಲ್ಲಿ ಅದರ ಮೇಲೆ ನನ್ನ ದೂರಿಲ್ಲ. ಬೆಳಗ್ಗೆ ಹಾಕಿ ಹೋದರೆ ಸಂಜೆ ಹದವಾಗಿ ಬೆಂದಿರುತ್ತದೆ, ತಳ ಹಿಡಿಯುವುದಿಲ್ಲ, ಕಾವಲು ಬೇಕಿಲ್ಲ. ಆದರೆ ಅದು ಶಕ್ತಿ ಉಳಿಸುತ್ತದೆ ಎಂಬ ಮಾತನ್ನು ಒಪ್ಪುವ ಮೊದಲು ಪ್ಲಗ್‌ಗೆ ಸಿಕ್ಕಿಸುವ ಮೀಟರನ್ನು ಹಾಕಿ ನೋಡಬೇಕು. ನನ್ನದು ಕಡಿಮೆ ಉರಿಯಲ್ಲಿ ನೂರು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಎಂಟು ಗಂಟೆಗೆ ಮೀಟರ್ ತೋರಿಸಿದ್ದು 0.85 ಯೂನಿಟ್. ಅಷ್ಟೇ ಕಾಳು, ಅಷ್ಟೇ ನೀರನ್ನು ಇಂಡಕ್ಷನ್ ಒಲೆಯಲ್ಲಿ ಕುದಿಗೆ ತಂದು, ಸಣ್ಣಗೆ ಕಾಲು ಗಂಟೆ ಕುದಿಸಿ ಈಗಿನ ಪೆಟ್ಟಿಗೆಗೆ (ಅದರ ಕಥೆ ಮುಂದಿದೆ) ಹಾಕಿದರೆ 0.35ರ ಆಸುಪಾಸು. ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಎರಡು ಗಂಟೆ ಕುದಿಸುವವರಿಗೆ ಸ್ಲೋ ಕುಕ್ಕರ್ ಉಳಿತಾಯವೇ ಸರಿ, ಆದರೆ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದರೆ ಅದು ಎರಡೂವರೆ ಪಟ್ಟು ತಿನ್ನುವ ಅತಿಥಿ. ಅದಕ್ಕೆ ಕಂಬಳಿ ಸುತ್ತಿದರೆ ಹೇಗೆ ಎಂದು ಹಲವರು ಕೇಳಿದ್ದಾರೆ. ವಿದ್ಯುತ್ ಹರಿಯುತ್ತಿರುವ ಉಪಕರಣಕ್ಕೆ ಬಟ್ಟೆ ಸುತ್ತಿ ಮನೆ ಬಿಟ್ಟು ಹೋಗುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ನಾನು ಮಾಡಿದ್ದು ಬೇರೆ: ಕುದಿಯುವ ಪದಾರ್ಥವನ್ನು, ಬಿಸಿಮಾಡಿಟ್ಟ ಕುಕ್ಕರಿನ ಒಳಗಿನ ಪಿಂಗಾಣಿ ಪಾತ್ರೆಗೆ ಸುರಿದು, ಒಂದು ಗಂಟೆ ಹೆಚ್ಚಿನ ಉರಿಯಲ್ಲಿಟ್ಟು, ಸ್ವಿಚ್ ಆರಿಸಿ, ಪಿಂಗಾಣಿಯನ್ನಷ್ಟೇ ಎತ್ತಿ ಪೆಟ್ಟಿಗೆಗೆ ಇಳಿಸಿದೆ. ಆ ದಪ್ಪ ಪಿಂಗಾಣಿ ತಾನೇ ಶಾಖ ಹಿಡಿದಿಡುವುದರಿಂದ ಫಲಿತಾಂಶ ಅದ್ಭುತವಾಗಿತ್ತು, ಅರ್ಧ ಯೂನಿಟ್‌ನಲ್ಲಿ ಮುಗಿಯಿತು. ಐದನೆಯ ಸಲ ಅವಸರದಲ್ಲಿ ತಣ್ಣನೆಯ ಪಿಂಗಾಣಿಗೆ ಕುದಿಯುವುದನ್ನು ಸುರಿದೆ. ಟಣ್ ಎಂಬ ಸದ್ದಿನೊಡನೆ ತಳದಿಂದ ಅಂಚಿನವರೆಗೆ ಕೂದಲೆಳೆಯ ಬಿರುಕು. ಬದಲಿ ಪಿಂಗಾಣಿಗೆ ಹೊಸ ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ಬೆಲೆ ಹೇಳಿದರು. ಪ್ರಯೋಗ ಅಲ್ಲಿಗೆ ನಿಂತಿತು.

ಈಗಿನ ಪೆಟ್ಟಿಗೆಗೆ ಬರುತ್ತೇನೆ. ಈ ಸಲ ಮೊದಲು ಪಾತ್ರೆಯನ್ನು ಆರಿಸಿದೆ: ಐದು ಲೀಟರಿನದು, ದಪ್ಪ ತಳ, ಉದ್ದ ಹಿಡಿಯಿಲ್ಲದೆ ಎರಡು ಕಿವಿ ಮಾತ್ರ, ಬಿಗಿಯಾಗಿ ಕೂರುವ ಮುಚ್ಚಳ. ಎತ್ತರ ಮತ್ತು ಅಗಲ ಹೆಚ್ಚುಕಡಿಮೆ ಒಂದೇ ಇರುವುದನ್ನು ನೋಡಿ ತೆಗೆದುಕೊಂಡೆ, ಏಕೆಂದರೆ ಅಗಲವಾದ ತಟ್ಟೆಯಂಥ ಪಾತ್ರೆ ಎಲ್ಲ ಕಡೆಯಿಂದಲೂ ಶಾಖ ಚೆಲ್ಲುತ್ತದೆ. ಆ ಪಾತ್ರೆಯನ್ನು ನಡುವೆ ನಿಲ್ಲಿಸಿ, ಸುತ್ತ ಹತ್ತು ಸೆಂಟಿಮೀಟರ್ ಬಿಟ್ಟು ಗೆರೆ ಎಳೆದು, ಆ ಗೆರೆಗೆ ತಕ್ಕ ಗಟ್ಟಿ ರಟ್ಟಿನ ಡಬ್ಬವನ್ನು ಹುಡುಕಿದೆ. ಅದು ಪುಕ್ಕಟೆ ಸಿಕ್ಕಿತು. ತಳಕ್ಕೆ ಮಡಿಸಿದ ಉಣ್ಣೆಯ ಕಂಬಳಿ, ಅದರ ಮೇಲೆ ಬಿಸಿ ತಡೆಯಲು ಪ್ಲೈವುಡ್‌ನ ಬಿಲ್ಲೆ. ಸುತ್ತಲಿಗೆ ಮತ್ತು ಮೇಲಕ್ಕೆ ಹಳೆಯ ಉಣ್ಣೆ ಬಟ್ಟೆಗಳನ್ನು ಚೂರು ಮಾಡಿ ತುಂಬಿದ ದಿಂಬುಗಳು, ಬಿಸಿಲಿಗೆ ಹಾಕಲು ಬರುವಂತೆ ಎಲ್ಲವೂ ಬಿಡಿಬಿಡಿ. ಹೊಟ್ಟಿನ ಪಾಠ ಕಲಿತದ್ದು ಇಲ್ಲಿ: ವಾರಕ್ಕೊಮ್ಮೆ ದಿಂಬುಗಳು ಒಣಗಲೇಬೇಕು. ಮೇಲಿನ ದಿಂಬನ್ನು ಎರಡು ಪಟ್ಟು ದಪ್ಪ ಮಾಡಿ, ಮುಚ್ಚಳದ ಗುಬ್ಬಿಗೆ ತಕ್ಕಂತೆ ನಡುವೆ ಒಂದು ಕುಳಿ ಬಿಟ್ಟಿದ್ದೇನೆ. ಮುಚ್ಚಳಕ್ಕೂ ದಿಂಬಿಗೂ ನಡುವೆ ನಾನು ಇಡುವ ಇನ್ನೊಂದು ಪದರವಿದೆ. ಆವಿಯನ್ನು ತಡೆಯುವುದು ಅದೇ, ಅದೇನೆಂದು ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯ ಖಾನೆಯನ್ನೇ ಸ್ವಲ್ಪ ಹುಡುಕಿದರೆ ಯಾರಿಗಾದರೂ ಸಿಕ್ಕೀತು. ಒಟ್ಟು ಖರ್ಚು ಒಂದು ತಿಂಗಳ ಅನಿಲದ ಹಣಕ್ಕಿಂತ ಕಡಿಮೆ, ಅದೂ ಪಾತ್ರೆಯನ್ನು ಲೆಕ್ಕಕ್ಕೆ ಸೇರಿಸಿ.

ಆದರೂ ಮೊದಲ ವಾರ ಕಾಳು ಬೇಯಲಿಲ್ಲ. ಪೆಟ್ಟಿಗೆ ಸರಿಯಿತ್ತು, ಥರ್ಮಾಮೀಟರ್ ಅದನ್ನು ಸಾರಿ ಹೇಳುತ್ತಿತ್ತು: ಇಳಿಸಿದಾಗ 98, ಎರಡು ಗಂಟೆಗೆ 89, ನಾಲ್ಕಕ್ಕೆ 82, ಆರಕ್ಕೆ 76. ತಪ್ಪಿದ್ದು ಒಲೆಯ ಮೇಲೆ. ನೀರು ಕುದಿದ ಕೂಡಲೇ ಇಳಿಸುತ್ತಿದ್ದೆ. ನೀರು ಕುದಿದಿತ್ತು, ಕಾಳಿನ ಹೊಟ್ಟೆ ಇನ್ನೂ ತಣ್ಣಗಿತ್ತು. ಪೆಟ್ಟಿಗೆಗೆ ಹೋದಮೇಲೆ ಆ ತಣ್ಣನೆಯ ಕಾಳೇ ನೀರಿನ ಶಾಖವನ್ನು ಹೀರಿ ಎಲ್ಲವನ್ನೂ ಕೆಳಗಿಳಿಸುತ್ತಿತ್ತು. ಎಂಟು ಗಂಟೆ ನೆನೆದ ಕಡಲೆಯನ್ನು ಮುಚ್ಚಳ ಹಾಕಿ ಕಾಲು ಗಂಟೆ ಕುದಿಸಿ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಬಿಟ್ಟಾಗ, ಮೊದಲ ಬಾರಿಗೆ ಎರಡು ಬೆರಳ ನಡುವೆ ಒತ್ತಿದ ಕಡಲೆ ಬೆಣ್ಣೆಯಂತೆ ಹರಡಿತು, ಸಿಪ್ಪೆ ಮಾತ್ರ ಬೆರಳಿಗೆ ಅಂಟಿ ಉಳಿಯಿತು. ಅಂದು ಅಣ್ಣನ ತಟ್ಟೆಗೆ ಮೊದಲು ಬಡಿಸಿದೆ. ಬಿಳಿ ಅಕ್ಕಿಗೆ ಐದು ನಿಮಿಷದ ಕುದಿ, ಮುಕ್ಕಾಲು ಗಂಟೆಯ ಪೆಟ್ಟಿಗೆ. ಇಡೀ ಆಲೂಗಡ್ಡೆಗೆ ಎಂಟು ನಿಮಿಷ, ಎರಡು ಗಂಟೆ. ನೀರು ಆವಿಯಾಗಿ ಹೋಗುವುದಿಲ್ಲವಾದ್ದರಿಂದ ಒಲೆಯ ಅಳತೆಗಿಂತ ಕಾಲು ಭಾಗ ಕಡಿಮೆ ಹಾಕಬೇಕು. ಹುಳಿ ಮತ್ತು ಟೊಮೇಟೊ ಕೊನೆಗೆ, ಕಾಳು ಬೆಂದ ಮೇಲೆ. ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ಮುನಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಒಂದು ಲೀಟರ್ ಪದಾರ್ಥವನ್ನು ಅದೇ ಪಾತ್ರೆಯಲ್ಲಿಟ್ಟಾಗ ಗಂಟೆಗೆ ಹತ್ತು ಡಿಗ್ರಿಗೂ ಹೆಚ್ಚು ಇಳಿಯಿತು. ಇಬ್ಬರೇ ಇರುವ ಮನೆಯವರು ಇದರಲ್ಲಿ ನಿರಾಶರಾಗುವುದು ಇಲ್ಲಿಯೇ. ಅಂಥವರಿಗೆ ಸ್ಲೋ ಕುಕ್ಕರೇ ಮೇಲೆಂದು ನನ್ನ ಅಭಿಪ್ರಾಯ.

ರಾಜ್ಮಾದ ವಿಷಯದಲ್ಲಿ ಮಾತ್ರ ಯಾರೂ ಜಾಣತನ ತೋರಿಸಬಾರದು. ಹಸಿ ಕಾಳಿನಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷವಿರುತ್ತದೆ. ಅದು ಹಾಳಾಗಲು ಭರಪೂರ ಕುದಿ ಬೇಕು, 80 ಡಿಗ್ರಿಯ ಮಂದ ಶಾಖದಲ್ಲಿ ಅದರ ತೀವ್ರತೆ ಕಡಿಮೆಯಾಗುವ ಬದಲು ಏರಬಹುದು. ಕುದಿಸದೆ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಿದ ರಾಜ್ಮಾವನ್ನು, ಇನ್ನೂ ಸ್ವಲ್ಪ ಗಟ್ಟಿಯಿದೆ ಎನ್ನುತ್ತಲೇ ತಿಂದು, ಮೂರು ಗಂಟೆಯೊಳಗೆ ವಾಂತಿ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಈಗ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿದ ಮೇಲೆಯೇ ಪೆಟ್ಟಿಗೆ. ಉಳಿತಾಯ ಕಡಿಮೆಯಾಗುತ್ತದೆ, ಆಗಲಿ.

ಅನಿಲದ ಲೆಕ್ಕವನ್ನು ಮೊದಲು ಒಂದೇ ಅಡುಗೆಗೆ ಮಾಡಲು ಹೋಗಿ ಮೋಸಹೋದೆ. ಸಿಲಿಂಡರನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿದರೆ ಅದು ಹತ್ತು ಗ್ರಾಮಿನ ಮೆಟ್ಟಿಲಲ್ಲಿ ಓದುತ್ತದೆ, ಅದೂ ಅಲ್ಲಾಡುತ್ತಲೇ ಇರುತ್ತದೆ. ಆದ್ದರಿಂದ ಹತ್ತು ದಿನ ಒಲೆಯಲ್ಲೇ, ಮತ್ತೆ ಹತ್ತು ದಿನ ಪೆಟ್ಟಿಗೆಯಲ್ಲಿ ಅದೇ ಅಳತೆಯ ಕಾಳು ಬೇಯಿಸಿ ಭಾಗಿಸಿದೆ: ಒಲೆಯಲ್ಲಿ ದಿನಕ್ಕೆ ಸುಮಾರು 110 ಗ್ರಾಮ್, ಪೆಟ್ಟಿಗೆಯಲ್ಲಿ 50. ಅದಕ್ಕಿಂತ ಕೆಳಗಿಳಿಸಲು ಎಷ್ಟು ಪರದಾಡಿದರೂ ಆಗಲಿಲ್ಲ, ಏಕೆಂದರೆ ಕುದಿಗೆ ತರುವ ಖರ್ಚು ಎಲ್ಲರಿಗೂ ಒಂದೇ. ಉಳಿಯುವುದೆಲ್ಲ ಕುದಿ ಬಂದ ಮೇಲಿನದು: ಒಂದು ಲೀಟರ್ ನೀರನ್ನು ಕುದಿಗೆ ತರುವ ಶಾಖದ ಏಳು ಪಟ್ಟು ಶಾಖ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು, ತೆರೆದ ಪಾತ್ರೆಯವರು ಗಾಳಿಗೆ ಬಿಡುವುದು ಅದನ್ನೇ.

ಪ್ರೆಶರ್ ಕುಕ್ಕರನ್ನು ಪೆಟ್ಟಿಗೆಯಲ್ಲಿಟ್ಟ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಒಳಗೆ 120 ಡಿಗ್ರಿಯ ಹತ್ತಿರ ಇರುವುದರಿಂದ ಆರಂಭದಲ್ಲೇ ಇಪ್ಪತ್ತು ಡಿಗ್ರಿಯ ಬಂಡವಾಳ ಹೆಚ್ಚು. ಒತ್ತಡ ಏರಿದ ಮೇಲೆ ಐದು ನಿಮಿಷ ಬಿಟ್ಟು, ಉರಿ ಆರಿಸಿ, ಸೀಟಿಯ ಬಳಿ ಸುಯ್ಯೆನ್ನುವುದು ಪೂರ್ತಿ ನಿಂತಿದೆಯೆಂದು ಖಾತ್ರಿ ಮಾಡಿಕೊಂಡು ಇಳಿಸಿದೆ. ಒಂದೂವರೆ ಗಂಟೆಯಲ್ಲಿ ಕಡಲೆ ಕರಗುವಷ್ಟು ಬೆಂದಿತ್ತು. ಬೇಗ ಆಗುವುದರಲ್ಲಿ ಇದನ್ನು ಮೀರಿಸಿದ್ದು ನನ್ನ ಅನುಭವದಲ್ಲಿಲ್ಲ. ಒಮ್ಮೆ ಮರೆತು ರಾತ್ರಿಯಿಡೀ ಬಿಟ್ಟದ್ದಕ್ಕೆ, ತಣಿದ ಆವಿ ನೀರಾಗಿ ಒಳಗೆ ನಿರ್ವಾತವಾಗಿ, ಇಬ್ಬರು ಎಳೆದರೂ ಮುಚ್ಚಳ ಬರಲಿಲ್ಲ. ಸೀಟಿಯನ್ನು ಎತ್ತಿ ಗಾಳಿ ಒಳಬಿಟ್ಟ ಕೂಡಲೇ ಸಲೀಸಾಗಿ ತೆರೆಯಿತು. ಅಷ್ಟು ಹೊತ್ತು 60 ಡಿಗ್ರಿಯ ಕೆಳಗೆ ಉಳಿದಿದ್ದ ಆ ಕಡಲೆಯನ್ನು ಎಸೆದೆ; ಕುದಿಗೆ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಅಂಥ ಬೆಚ್ಚನೆಯಲ್ಲಿ ಮೊಳೆತು ವಿಷ ಬಿಡುತ್ತವೆ, ಮತ್ತೆ ಕಾಯಿಸಿದರೂ ಎಲ್ಲ ವಿಷವೂ ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಆರು ಗಂಟೆ ದಾಟಿದರೆ ತೆರೆದ ಕ್ಷಣ ಥರ್ಮಾಮೀಟರ್ ಅದ್ದಿ ನೋಡುವುದು ಅಂದಿನಿಂದ ರೂಢಿಯಾಯಿತು. ಖಾಲಿ ಹೊತ್ತಿನಲ್ಲಿ ಅದೇ ಪೆಟ್ಟಿಗೆಯಲ್ಲಿ 45 ಡಿಗ್ರಿಯ ಹಾಲಿಗೆ ಹೆಪ್ಪು ಹಾಕಿ ಇಡುತ್ತೇನೆ, ಚಳಿಯಲ್ಲೂ ಐದು ಗಂಟೆಗೆ ಮೊಸರು ಗಟ್ಟಿಯಾಗುತ್ತದೆ.

ಹೋದ ವಾರ ಅಣ್ಣ ಬಂದು, ಬೇರೆ ಏನೋ ಮಾತಾಡುತ್ತಿದ್ದವನು, ಎದ್ದು ಹೋಗುವಾಗ ಪೆಟ್ಟಿಗೆಯ ಅಳತೆ ಕೇಳಿದ. ಅಳತೆ ಕೊಡಲಿಲ್ಲ. ಮೊದಲು ನಿನ್ನ ಪಾತ್ರೆ ತೆಗೆದುಕೊಂಡು ಬಾ ಎಂದು ಕಳಿಸಿದ್ದೇನೆ.